ಕೊಟ್ಟ ನೆಲದ ಲೆಕ್ಕ

ಬೇಗೂರಿನ ಆಸುಪಾಸಿನ ಊರುಗಳ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಪರಪ್ಪನ ಅಗ್ರಹಾರ, ಕೋನಪ್ಪನ ಅಗ್ರಹಾರ, ಇನ್ನಷ್ಟು ಉತ್ತರಕ್ಕೆ ಹೋದರೆ ಅಗರ. ಪರಪ್ಪನ ಅಗ್ರಹಾರ ಎಂದರೆ ಇವತ್ತು ಎಲ್ಲರಿಗೂ ಸೆಂಟ್ರಲ್ ಜೈಲು. ಕೋನಪ್ಪನ ಅಗ್ರಹಾರ ಎಂದರೆ ಎಲೆಕ್ಟ್ರಾನಿಕ್ ಸಿಟಿ. ಅಗರ ಎಂದರೆ ಟ್ರಾಫಿಕ್ ಜಾಮ್. ಆದರೆ ಅಗ್ರಹಾರ ಎಂಬ ಮಾತಿಗೆ ಇವು ಯಾವುದೂ ಅರ್ಥವಲ್ಲ. ಓದು ಬಲ್ಲವರು ಓದಿಕೊಂಡು, ಓದಿಸಿಕೊಂಡು ಇರಲಿ ಎಂದು ಕಂದಾಯ ಬಿಟ್ಟು ಕೊಟ್ಟ ಊರು ಅಗ್ರಹಾರ. ಅಂದರೆ ನಮ್ಮ ಸುತ್ತಲ ಹೆಸರುಗಳಲ್ಲೇ ಒಂದು ಹಳೆಯ ಒಪ್ಪಂದದ ನೆನಪಿದೆ: ನೆಲ ಕೊಡುತ್ತೇವೆ, ವಿದ್ಯೆ ಉಳಿಯಲಿ.

ಬೇಗೂರಿನಲ್ಲಿ ವಾಸವಾಗಿದ್ದು, ಇತಿಹಾಸದ ಪಾಠ ಹೇಳಿಕೊಂಡು ಬಂದ ನನ್ನನ್ನು ಈ ಒಪ್ಪಂದದ ಎರಡನೆಯ ಅರ್ಧ ಬಹಳ ಕಾಲದಿಂದ ಕಾಡಿದೆ. ನೆಲ ಪಡೆದ ವಿದ್ಯೆ ಆ ನೆಲಕ್ಕೆ ಏನು ಮರಳಿಸಬೇಕು? ವಿಶ್ವವಿದ್ಯಾಲಯಗಳ ನೈತಿಕ ಮೌಲ್ಯ, ಸಾಮಾಜಿಕ ಹೊಣೆ, ಪರಿಸರ ಹೊಣೆ ಎಂದು ಇಂದು ಪ್ರಾಸ್ಪೆಕ್ಟಸ್‌ಗಳಲ್ಲಿ ಅಚ್ಚಾಗುವ ದೊಡ್ಡ ಮಾತುಗಳ ತಳದಲ್ಲಿ ಇರುವುದು ಇದೇ ಸಣ್ಣ ಪ್ರಶ್ನೆ. ಇದಕ್ಕೆ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಚರಿತ್ರೆಯಿದೆ. ಅದರ ಕೆಲವು ಪುಟಗಳನ್ನು ಇಲ್ಲಿ ತಿರುವಿ ಹಾಕುತ್ತೇನೆ.

ಮೊದಲು ನಮ್ಮೂರಿನ ಕಲ್ಲುಗಳು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಬರುತ್ತದೆ. ಅಲ್ಲಿ ನಡೆದ ಕಾಳಗವೊಂದರಲ್ಲಿ ನಾಗತ್ತರನೆಂಬ ನಾಯಕನ ಕಡೆಯವನೊಬ್ಬ ಸತ್ತ ಸಂಗತಿ ಅದರಲ್ಲಿದೆ. ಬೇಗೂರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಆ ಕಲ್ಲಿನ ಬರಹ ಹೇಳುವುದಿಷ್ಟು: ಗಂಗರ ಎರೆಯಪನಿಗಾಗಿ ವೀರಮಹೇಂದ್ರನ ವಿರುದ್ಧ ತುಂಬೆಪಾಡಿಯಲ್ಲಿ ಹೋರಾಡಿ ನಾಗತ್ತರ ಮಡಿದ. ಅದನ್ನು ಕೇಳಿದ ಎರೆಯಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ ‘ಬೆಂಪೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಕೊಟ್ಟ. ಬೆಂಪೂರು ಎಂದರೆ ನಮ್ಮ ಬೇಗೂರು. ಆ ಊರುಗಳ ಪಟ್ಟಿಯಲ್ಲಿ ತೋವಗೂರು ಎಂಬ ಹೆಸರೂ ಇದೆ. ಅದನ್ನು ಇಂದಿನ ತೋಗೂರೆಂದು ಓದಿಕೊಳ್ಳುವುದು ಸಹಜ.

ಈ ಕಲ್ಲಿನಲ್ಲಿ ವಿದ್ಯೆಯ ಮಾತಿಲ್ಲ. ಸತ್ತವನ ಋಣಕ್ಕೆ ನೆಲ ಕೊಟ್ಟ ಮಾತಿದೆ. ನಾನು ಅದನ್ನು ಇಲ್ಲಿ ತಂದದ್ದು ಬೇರೆ ಕಾರಣಕ್ಕೆ. ನಮ್ಮ ಹಿಂದಿನವರು ನೆಲ ಕೊಟ್ಟಾಗ ಯಾಕೆ ಕೊಟ್ಟೆವು ಎಂಬುದನ್ನು ಕಲ್ಲಿನ ಮೇಲೆ ಬರೆದು, ಊರಿನ ನಡುವೆ ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಿದ್ದರು. ಹಾಗೆಯೇ ಕೆರೆಯ ವಿಚಾರದಲ್ಲೂ. ಅಗರದ ಒಂಬತ್ತನೆಯ ಶತಮಾನದ ಶಾಸನದಲ್ಲಿ ಒಬ್ಬನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯ ಕೆರೆಯೊಂದನ್ನು ಕಟ್ಟಿಸಿದ ವಿವರವಿದೆ. ಕೆರೆ ಕಟ್ಟಿದವರಿಗೆ, ಹೂಳೆತ್ತಿ ಏರಿ ಕಾಯುವವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು ಬಿಡುವ ಪದ್ಧತಿಯಿತ್ತು. ಬಿತ್ತುವಟ್ಟ, ಕೆರೆಗೊಡಗಿ ಎಂಬ ಹೆಸರುಗಳು ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಪಾಲು ದಾನವಾಗಿರಲಿಲ್ಲ, ಕೆಲಸಕ್ಕೆ ಕೊಟ್ಟ ಕೂಲಿಯಾಗಿತ್ತು. ಕೆರೆ ಒಡೆದರೆ ಆ ಗದ್ದೆಗೂ ನೀರಿಲ್ಲ. ಹೊಣೆ ಮತ್ತು ಲಾಭ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಜಾಣತನ ಅದು.

ವಿದ್ಯೆಗೆ ನೆಲ ಕೊಟ್ಟ ಶಾಸನಗಳು ಉತ್ತರ ಕರ್ನಾಟಕದಲ್ಲಿ ಸ್ಪಷ್ಟವಾಗಿ ಸಿಗುತ್ತವೆ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ 27 ವಸತಿಗಳು. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ, ದೀಪದ ಎಣ್ಣೆಗೆಂದೇ 12 ನಿವರ್ತನ. ಊರಿನವರ ಮನೆಯಲ್ಲಿ ಮದುವೆಯಾದರೆ, ಉಪನಯನವಾದರೆ, ಚೌಲವಾದರೆ ಶಾಲೆಗೆ ಇಂತಿಷ್ಟು ಹಣ ಸಲ್ಲಬೇಕೆಂದೂ ಕಟ್ಟಲೆ ಮಾಡಲಾಗಿತ್ತು. ಹುಡುಗನೊಬ್ಬ ರಾತ್ರಿ ಕೂತು ಓದುವ ದೀಪದ ಹಿಂದೆ ಯಾವ ಹೊಲ ಇದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು.

ಕಲಬುರಗಿ ಜಿಲ್ಲೆ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಹೊತ್ತಿಗೆ ಘಟಿಕಾಸ್ಥಾನವಿತ್ತು. ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ, ಅವರಿಗೆ ಕಲಿಸುವವರು, ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು, ಅಂದರೆ ಇಂದಿನ ಮಾತಿನಲ್ಲಿ ಲೈಬ್ರರಿಯನ್ನರು! ಒಂದು ವಿದ್ಯಾಸಂಸ್ಥೆಗೆ ಆರು ಜನ ಗ್ರಂಥಪಾಲಕರು ಬೇಕೆಂದು ಹನ್ನೊಂದನೆಯ ಶತಮಾನದ ದಂಡನಾಯಕನಿಗೆ ಹೊಳೆದಿತ್ತು ಎಂದು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಗುತ್ತಾರೆ. ಅವರ ನಗುವಿನ ಕಾರಣ ನನಗೂ ಗೊತ್ತು.

ಇಷ್ಟು ಹೇಳಿ ಹಿಂದಿನದೆಲ್ಲ ಚಿನ್ನ ಎಂದು ಕೈ ಮುಗಿಯುವುದು ಸುಲಭ. ಆದರೆ ಅದೇ ಕಲ್ಲುಗಳು ಹೇಳದೆ ಬಿಟ್ಟ ಮಾತೂ ಒಂದಿದೆ. ಸಾಲೋಟಗಿಯ 500 ನಿವರ್ತನ ಭೂಮಿಯನ್ನು ಉಳುತ್ತಿದ್ದವನ ಮಗ ಆ ಶಾಲೆಯ ಜಗುಲಿ ಹತ್ತುವಂತಿರಲಿಲ್ಲ. ಅವನ ಬೆವರು ಶಾಲೆಗೆ ದೀಪವಾಯಿತು, ಆ ದೀಪದ ಬೆಳಕು ಅವನ ಮನೆಯತ್ತ ಬರಲಿಲ್ಲ. ಅಗ್ರಹಾರಗಳ ಚರಿತ್ರೆಯೂ ಇದೇ. ಹೆಂಗಸರಿಗೂ ಅಲ್ಲಿ ಜಾಗವಿರಲಿಲ್ಲ. ನೆಲದ ಲೆಕ್ಕವನ್ನು ಅಷ್ಟು ಚೊಕ್ಕವಾಗಿ ಬರೆದವರು ಮರಳಿ ಕೊಡುವ ಲೆಕ್ಕವನ್ನು ಬರೆಯಲಿಲ್ಲ.

ಆ ಕಾಲದಲ್ಲೇ ಇನ್ನೊಂದು ಬಗೆಯೂ ಇತ್ತು ಎಂಬುದಕ್ಕೆ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠ ಸಾಕ್ಷಿ. 1162ರ ಶಾಸನವೊಂದು ಆ ಕಾಳಾಮುಖ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ಬೇರೆ ಬೇರೆ ವ್ಯಾಕರಣಗಳನ್ನು ಹೇಳಿಕೊಡುತ್ತಿದ್ದರು. ನ್ಯಾಯ, ಮೀಮಾಂಸೆ, ಸಾಂಖ್ಯಗಳ ಜೊತೆ ಬೌದ್ಧ ದರ್ಶನವನ್ನೂ ವಿವರಿಸುತ್ತಿದ್ದರು. ಪಾಠದ ಪಟ್ಟಿ ಮುಗಿದ ಮೇಲೂ ಶಾಸನ ನಿಲ್ಲುವುದಿಲ್ಲ. ಬಡವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಜೈನ ಸನ್ಯಾಸಿಗಳು, ಬೇರೆ ಬೇರೆ ಪಂಥದ ಭಿಕ್ಷುಕರು ಎಲ್ಲರಿಗೂ ಅನ್ನ ಸಿಗುವ ಜಾಗ ಅದು, ರೋಗಿಗಳಿಗೆ ಔಷಧ ಸಿಗುವ ಜಾಗ, ಸಕಲ ಜೀವಿಗಳಿಗೆ ಅಭಯ ಸಿಗುವ ಜಾಗ ಎಂದು ಮುಂದುವರಿಯುತ್ತದೆ. ಶಾಸನಗಳಲ್ಲಿ ಹೊಗಳಿಕೆ ಸೇರಿರುತ್ತದೆ, ನಿಜ. ಆದರೆ ಒಂದು ವಿದ್ಯಾಸಂಸ್ಥೆ ತನ್ನನ್ನು ಯಾವುದಕ್ಕಾಗಿ ಹೊಗಳಿಸಿಕೊಳ್ಳಲು ಬಯಸುತ್ತದೆ ಎಂಬುದೂ ಚರಿತ್ರೆಯೇ. ವ್ಯಾಕರಣ ಮತ್ತು ಗಂಜಿಯನ್ನು ಒಂದೇ ಪಟ್ಟಿಯಲ್ಲಿ ಬರೆಯಲು ಕೋಡಿಯಮಠದವರು ನಾಚಲಿಲ್ಲ.

ಏಳೆಂಟು ನೂರು ವರ್ಷ ದಾಟಿ ಆಧುನಿಕ ಕಾಲಕ್ಕೆ ಬಂದರೆ, ಒಪ್ಪಂದದ ಮೊದಲ ಸಾಲು ಹಾಗೆಯೇ ಇದೆ: ನೆಲ. ಜೆಮ್ಸೆಟ್‌ಜಿ ಟಾಟಾ ಕನಸು ಕಂಡ ವಿಜ್ಞಾನ ಸಂಸ್ಥೆಗೆ 1907ರಲ್ಲಿ ಮೈಸೂರು ಅರಸು ನಾಲ್ವಡಿ ಕೃಷ್ಣರಾಜ ಒಡೆಯರು ಬೆಂಗಳೂರಿನ ಉತ್ತರಕ್ಕೆ ಸುಮಾರು 371 ಎಕರೆ ನೆಲ ಕೊಟ್ಟರು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಜನರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ದುಡ್ಡು ಕೊಟ್ಟವರ ಹೆಸರು ಉಳಿಯಿತು, ನೆಲ ಕೊಟ್ಟ ಅರಸರ ಹೆಸರು ಪುಸ್ತಕದಲ್ಲಿ ಉಳಿಯಿತು, ಆ ನೆಲ ಉಳುತ್ತಿದ್ದವರ ಹೆಸರು ಎಲ್ಲೂ ಉಳಿಯಲಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದ ಕತೆಯೂ ಅಲ್ಲ. ಅಮೆರಿಕದಲ್ಲಿ 1862ರ ಮೊರಿಲ್ ಕಾಯ್ದೆ ರಾಜ್ಯಗಳಿಗೆ ಸಾರ್ವಜನಿಕ ಭೂಮಿ ಕೊಟ್ಟು ಕೃಷಿ, ಯಂತ್ರವಿದ್ಯೆ ಕಲಿಸುವ ವಿಶ್ವವಿದ್ಯಾಲಯಗಳನ್ನು ಬೆಳೆಸಿತು. ರೈತರ ಮಕ್ಕಳಿಗೆ ಬಾಗಿಲು ತೆರೆದ ದೊಡ್ಡ ಹೆಜ್ಜೆ ಅದು. ಆದರೆ ಆ ಭೂಮಿ ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದೆಂಬ ಲೆಕ್ಕವನ್ನು ಆ ವಿಶ್ವವಿದ್ಯಾಲಯಗಳು ಈಚೆಗಷ್ಟೇ ಒಪ್ಪಿಕೊಳ್ಳತೊಡಗಿವೆ.

ಆ ಮಾದರಿಯ ಒಂದು ಕವಲು ನಮ್ಮಲ್ಲಿಗೂ ಬಂತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದಿತು. ‘ವಿಸ್ತರಣೆ’ ಎಂದರೆ ಕಲಿತದ್ದನ್ನು ಹೊಲಕ್ಕೆ ಒಯ್ಯುವುದು. ಇದರ ಬೆಲೆ ತಿಳಿಯಬೇಕಾದರೆ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರನ್ನು ನೆನೆಯಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿದರು. ರಾಗಿಯ ಹೂ ಎಷ್ಟು ಚಿಕ್ಕದೆಂದರೆ ಅದರಲ್ಲಿ ಪರಾಗಸ್ಪರ್ಶ ಮಾಡಿಸುವುದೇ ತಪಸ್ಸು. ಇಂಡಿಯಾ ಮತ್ತು ಆಫ್ರಿಕಾ ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ಬೇಗೂರು, ಆನೇಕಲ್ಲು, ಹೊಸಕೋಟೆಗಳ ಮಳೆಯಾಶ್ರಿತ ಹೊಲಗಳು ರಾಗಿಯ ಹೊಲಗಳೇ. ವಿದ್ಯೆ ನೆಲಕ್ಕೆ ಮರಳಿದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ. ಬಡವರ ಮುದ್ದೆಯ ಮೇಲೆ ಒಬ್ಬ ವಿಜ್ಞಾನಿ ತನ್ನ ಬದುಕನ್ನೇ ಹಾಕಿದ.

ಮರಳಿ ಕೊಡುವುದಕ್ಕೆ ಇನ್ನೊಂದು ದಾರಿ ಭಾಷೆ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೂ ಸ್ವಾತಂತ್ರ್ಯ ಬರುವ ಮೊದಲೇ ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುವ, ಅವುಗಳನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕುವ ಪದ್ಧತಿ ಬೆಳೆಸಿದರು. ಪ್ರಚಾರೋಪನ್ಯಾಸ ಎಂದು ಅದರ ಹೆಸರು. ಮುಂದೆ 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಮಾನಸಗಂಗೋತ್ರಿಯನ್ನು ಕಟ್ಟಿದ್ದಷ್ಟೇ ಅಲ್ಲ, ಕನ್ನಡದಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ಹಟ ಹಿಡಿದು ಪುಸ್ತಕ ಬರೆಸಿದರು. ಹಳ್ಳಿಯ ಹುಡುಗನಿಗೆ ವಿಜ್ಞಾನ ಅರ್ಥವಾಗದಿದ್ದರೆ ಅದು ಅವನ ದಡ್ಡತನವಲ್ಲ, ಅವನ ಭಾಷೆಯಲ್ಲಿ ಹೇಳದವರ ಸೋಮಾರಿತನ ಎಂಬುದು ಆ ಹಟದ ತಿರುಳು.

ನಮ್ಮೂರಿನ ಕಲ್ಲುಗಳೂ ಇಂಥ ಪರಿಶ್ರಮಕ್ಕೆ ಋಣಿ. ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ಯರು ಸರ್ಕಾರಿ ಪುರಾತತ್ತ್ವ ಇಲಾಖೆಯಿಂದ ಶುರುಮಾಡಿದ ಶಾಸನ ಸಂಗ್ರಹದ ಕೆಲಸ ಮುಂದೆ ವಿಶ್ವವಿದ್ಯಾಲಯದ ಮಡಿಲಿಗೆ ಬಂತು. ಇತಿಹಾಸದ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ ಅವರೇ ಇಲಾಖೆಯನ್ನೂ ನಡೆಸಿದರು. 1936ರಲ್ಲಿ ಹಲ್ಮಿಡಿ ಶಾಸನವನ್ನು ನಾಡಿಗೆ ತೋರಿಸಿದವರು ಅವರು. 1970ರ ದಶಕದಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ತಂದಿತು. ನಾಗತ್ತರ ಯಾರೆಂದು ಬೇಗೂರಿನ ಮಕ್ಕಳಿಗೆ ನಾನು ಹೇಳಬಲ್ಲೆನಾದರೆ ಅದು ಈ ಜನರ ದುಡಿಮೆಯಿಂದ.

ಈಗ ಈ ಚರಿತ್ರೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಪುಟಕ್ಕೆ ಬರುತ್ತೇನೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಳಗೆ ‘ಆಸ್ತ್ರ’ ಎಂಬ ಪುಟ್ಟ ಕೇಂದ್ರವೊಂದು ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನವನ್ನು ಒಯ್ಯುವ ಕೇಂದ್ರ. ಅದರ ಹಿಂದಿದ್ದವರು ಅಮೂಲ್ಯ ಕೆ.ಎನ್. ರೆಡ್ಡಿ. ಬೆಂಗಳೂರಿನಲ್ಲೇ ಹುಟ್ಟಿದ ಅವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ತಿಗೇ ಗೊತ್ತಿದ್ದ ವಿದ್ವಾಂಸ. ಜಾನ್ ಬಾಕ್ರಿಸ್ ಜೊತೆ ಅವರು ಬರೆದ ಪಠ್ಯಪುಸ್ತಕ ದೇಶದೇಶಗಳ ವಿದ್ಯಾರ್ಥಿಗಳ ಕೈಯಲ್ಲಿತ್ತು. ಅಂಥವರು ಒಲೆ, ಸಗಣಿ, ಮಣ್ಣಿನ ಇಟ್ಟಿಗೆ ಎಂದು ಹೊರಟಾಗ ಇದೂ ವಿಜ್ಞಾನವೇ ಎಂದು ಹುಬ್ಬೇರಿಸಿದವರಿದ್ದರು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಬೆನ್ನಿಗೆ ನಿಂತರು. ಒಂದು ಕೈಯಲ್ಲಿ ಬಾಹ್ಯಾಕಾಶ ಇಲಾಖೆ, ಇನ್ನೊಂದು ಕೈಯಲ್ಲಿ ಹಳ್ಳಿಯ ಒಲೆ! ಎರಡಕ್ಕೂ ಜಾಗವಿರಬೇಕೆಂಬ ಮನಸ್ಸು ಅದು.

ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಆಸ್ತ್ರದವರು ವಿಸ್ತರಣಾ ಕೇಂದ್ರ ತೆರೆದರು. ಸುತ್ತಲ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಣಿಸಿದರು. ಒಂದು ಮನೆಗೆ ದಿನಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ನೀರು ತರಲು ಎಷ್ಟು ಹೊತ್ತು, ಸೌದೆಗೆ ಎಷ್ಟು ದೂರ ನಡಿಗೆ, ಯಾರು ನಡೆಯುತ್ತಾರೆ? ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದಲೇ ಬರುತ್ತಿತ್ತು. ವಿದ್ಯುತ್ತಿನ ಪಾಲು ತೀರ ಕಡಿಮೆಯಿತ್ತು. ಮನುಷ್ಯ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಅದರ ಮೇಲೆ ಮಕ್ಕಳದು. ದೇಶದ ಇಂಧನ ಸಮಸ್ಯೆ ಎಂದರೆ ಪೆಟ್ರೋಲಿನ ಬೆಲೆ ಎಂದು ನಗರಗಳು ಮಾತಾಡುತ್ತಿದ್ದ ಆ ವರ್ಷಗಳಲ್ಲಿ, ಅದು ಹೆಂಗಸರ ತಲೆಯ ಮೇಲಿನ ಹೊರೆ ಎಂದು ಈ ಲೆಕ್ಕ ತೋರಿಸಿತು.

ಪುರದಲ್ಲಿ ಅವರು ಮೊದಲು ಯೋಚಿಸಿದ್ದು ಸಾಮೂಹಿಕ ಗೋಬರ್ ಅನಿಲದಿಂದ ಅಡುಗೆ. ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಅನಿಲ ಸಾಲದೆ ಯೋಜನೆ ಸೋತಿತು. ಸಾಮಾನ್ಯವಾಗಿ ಇಂಥ ಕಡೆ ಸಂಶೋಧಕರು ವರದಿ ಬರೆದು ಗಂಟುಮೂಟೆ ಕಟ್ಟುತ್ತಾರೆ. ಇವರು ಊರಿನವರ ಜೊತೆ ಮತ್ತೆ ಕೂತರು. ಜನ ಕೇಳಿದ್ದು ಬೇರೆ: ನಮಗೆ ಮೊದಲು ಕುಡಿಯುವ ನೀರು ಬೇಕು, ಬೆಳಕು ಬೇಕು. 1987ರಿಂದ ಅದೇ ಅನಿಲ ಎಂಜಿನ್ ಓಡಿಸಿ ವಿದ್ಯುತ್ ಕೊಟ್ಟಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ಕಿಲೋಗೆ ಎರಡು ಪೈಸೆ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ಮತ್ತೆ ತಂದವರ ಹೊಲಕ್ಕೆ. ಸ್ಥಾವರ ನಡೆಸಿದವರು ಊರಿನ ಹುಡುಗರು, ಮೇಲ್ವಿಚಾರಣೆ ಊರಿನ ಸಮಿತಿಯದು.

ಇದೇ ಕೇಂದ್ರದಿಂದ ಹೊಗೆ ಕೊಳವೆಯಿರುವ ‘ಆಸ್ತ್ರ ಒಲೆ’ ಬಂತು. ಸೌದೆ ಉಳಿಸಿ, ಅಡುಗೆಮನೆಯ ಹೊಗೆ ಹೊರಗೆ ಹಾಕುವ ಈ ಒಲೆ ಕರ್ನಾಟಕದ ಎಷ್ಟೋ ಹಳ್ಳಿಗಳನ್ನು ಮುಟ್ಟಿತು. ಕೆ.ಎಸ್. ಜಗದೀಶ್ ಮತ್ತು ಗೆಳೆಯರು ಒತ್ತುಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡಿದರು. ಇಂದು ಬೆಂಗಳೂರಿನಲ್ಲಿ ಮಣ್ಣಿನ ಮನೆ ಕಟ್ಟಿಸಿಕೊಳ್ಳುವ ಅನುಕೂಲಸ್ಥರ ಫ್ಯಾಷನ್ನಿಗೆ ಮೂಲ ಅಲ್ಲಿದೆ. ಸುಟ್ಟ ಇಟ್ಟಿಗೆಗೆ ಹೋಗುವ ಸೌದೆ, ಕಲ್ಲಿದ್ದಲನ್ನು ಉಳಿಸುವುದು ಅದರ ಮೊದಲ ಉದ್ದೇಶವಾಗಿತ್ತು. ಆಸ್ತ್ರ ಮುಂದೆ ಹೆಸರು ಬದಲಿಸಿಕೊಂಡು ಸುಸ್ಥಿರ ತಂತ್ರಜ್ಞಾನ ಕೇಂದ್ರವಾಯಿತು. ರೆಡ್ಡಿ 2006ರಲ್ಲಿ ತೀರಿಕೊಂಡರು.

ಆಸ್ತ್ರದ ಕತೆಯಲ್ಲಿ ನಾನು ಮುಖ್ಯವೆಂದು ಹಿಡಿಯುವುದು ಯಂತ್ರಗಳನ್ನಲ್ಲ. ಪುರದ ಸ್ಥಾವರಕ್ಕಿಂತ ದೊಡ್ಡ ಸ್ಥಾವರಗಳು ಬಂದಿವೆ, ಒಲೆಯ ಜಾಗಕ್ಕೆ ಗ್ಯಾಸ್ ಸಿಲಿಂಡರ್ ಬಂದಿದೆ. ಸೋತಾಗ ಪ್ರಶ್ನೆಯನ್ನು ಜನರಿಂದ ಕೇಳಿ ತಿದ್ದಿಕೊಂಡರಲ್ಲ, ಅದು ಮುಖ್ಯ. ವಿಶ್ವವಿದ್ಯಾಲಯದ ನೈತಿಕತೆ ಎಂಬುದಕ್ಕೆ ಅರ್ಥವಿದ್ದರೆ ಅದು ಇಲ್ಲಿದೆ. ಯಾವ ಪ್ರಶ್ನೆ ಸಂಶೋಧನೆಗೆ ಯೋಗ್ಯ ಎಂದು ತೀರ್ಮಾನಿಸುವಾಗ ಹೊರಗಿನವರ ದನಿಯೂ ಒಳಗೆ ಕೇಳಿಸಬೇಕು.

ಈಗ ತೋಗೂರಿಗೆ ಮರಳೋಣ. 1970ರ ದಶಕದ ಕೊನೆಯಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿತು. ಕಂಪನಿಗಳ ಹಿಂದೆಯೇ ವಿದ್ಯೆಯೂ ಬಂತು. ಐಐಐಟಿ ಬೆಂಗಳೂರು 1999ರಲ್ಲಿ ಶುರುವಾಗಿ ಅಲ್ಲೇ ನೆಲೆಯೂರಿತು. 2010ರಲ್ಲಿ ಸ್ಥಾಪನೆಯಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮೊದಲ ವರ್ಷಗಳನ್ನು ಹೊಸೂರು ರಸ್ತೆಯ ಬದಿಯಲ್ಲೇ ಕಳೆದು ಆಮೇಲೆ ಸರ್ಜಾಪುರದ ಕಡೆ ಹೋಯಿತು. ಸುತ್ತಮುತ್ತ ಇಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳು ಎಷ್ಟೋ. ಒಂದು ಕಾಲದ ಅಗ್ರಹಾರಕ್ಕೆ ಮತ್ತೆ ವಿದ್ಯಾರ್ಥಿಗಳು ಬಂದಿದ್ದಾರೆ. ಈ ಸಲ ಜಾತಿಯ ಗೋಡೆ ಕಾನೂನಿನಲ್ಲಿ ಇಲ್ಲ. ಫೀಸಿನ ಗೋಡೆ ಇದೆ.

ಕೆರೆಯ ಏರಿಯ ಮೇಲೆ ಸಂಜೆ ಸಿಗುವ ಯಜಮಾನರೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಮೇಷ್ಟ್ರೇ, ನಮ್ಮೊಲ ಹೋದ್ಮೇಲೆ ನನ್ ಮಗ ಕಾಲೇಜ್ ಗೇಟಲ್ಲಿ ಸೆಕ್ಯೂರಿಟಿ ನಿಂತವ್ನೆ. ಅದ್ಕೂ ಬೇಜಾರಿಲ್ಲ ಬುಡಿ. ಒಳಗೆ ಅಷ್ಟೊಂದ್ ಜನ ಓದೋರವ್ರಲ್ಲ, ಈ ನೀರು ಯಾಕಿಂಗ್ ನಾರ್ತದೆ ಅಂತ ಒಬ್ರಾದ್ರೂ ಬಂದು ನಮ್ಗೆ ಹೇಳವ್ರಾ?” ಅವರು ಉದ್ಧಾರ ಮಾಡಿ ಎಂದು ಕೇಳಲಿಲ್ಲ. ಬಂದು ಹೇಳಿ ಎಂದು ಮಾತ್ರ ಕೇಳಿದರು.

ಈ ನೀರು ಯಾಕೆ ನಾರುತ್ತದೆ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಇಲ್ಲದೆ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಮಾಧವ ಗಾಡ್ಗೀಳರು ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ದಶಕಗಳಿಂದ ನಗರದ ಕೆರೆಗಳ ನೀರನ್ನು ಪರೀಕ್ಷಿಸುತ್ತ, ನಕ್ಷೆ ಮಾಡುತ್ತ, ವರದಿ ಪ್ರಕಟಿಸುತ್ತ ಬಂದಿದೆ. ಹರಿಣಿ ನಾಗೇಂದ್ರ ಅವರು ನಗರದ ಮರ ಮತ್ತು ಕೆರೆಗಳ ಚರಿತ್ರೆ ಬರೆದಿದ್ದಾರೆ. ಸಂಪಂಗಿ ಕೆರೆ ಹೇಗೆ ಕಂಠೀರವ ಕ್ರೀಡಾಂಗಣವಾಯಿತು ಎಂದು ಅವರ ಬರಹದಲ್ಲಿ ಓದಬಹುದು. ಕೊಳಚೆಯ ಜೊತೆ ಬರುವ ರಂಜಕ, ಸಾರಜನಕ, ಅದರಿಂದ ಕೊಬ್ಬುವ ಕಳೆ, ಕಡಿಮೆಯಾಗುವ ಆಮ್ಲಜನಕ, ಸಾಬೂನಿನ ಪುಡಿಯಿಂದ ಏಳುವ ನೊರೆ, ಎಲ್ಲವೂ ಬರೆದಿಟ್ಟದ್ದೇ. ಆದರೂ ಅಗರದ ನೀರು ಹರಿದು ಸೇರುವ ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿಕೊಂಡಿತು. ನೀರಿಗೆ ಬೆಂಕಿ ಬಿದ್ದದ್ದನ್ನು ಜಗತ್ತೆಲ್ಲ ನೋಡಿತು. ಸಾವಿರ ವರ್ಷಗಳ ಹಿಂದೆ ಕೆರೆಗಳಿಗೆ ತೂಬು ಇಡಿಸಿದ್ದ ಆ ಕಣಿವೆಯಲ್ಲೇ ಹೀಗಾಯಿತು.

ತಿಳಿವಳಿಕೆ ಇದ್ದೂ ಹೀಗಾಯಿತಲ್ಲ ಎಂದು ಬರೀ ಸರ್ಕಾರವನ್ನು ಬೈದು ಮುಗಿಸಬಹುದು. ಕೊಳಚೆ ನಿಲ್ಲಿಸಬೇಕಾದವರು ಅವರೇ, ಒತ್ತುವರಿ ತೆರವು ಮಾಡಬೇಕಾದವರೂ ಅವರೇ. ಆದರೆ ಇಷ್ಟೊಂದು ಕ್ಯಾಂಪಸ್ಸುಗಳಿರುವ ನಗರದಲ್ಲಿ ಕೆರೆಯ ಲೆಕ್ಕ ಇಡುವ ಕೆಲಸ ಬೆರಳೆಣಿಕೆಯ ತಂಡಗಳ ಹೆಗಲ ಮೇಲೆ ಯಾಕೆ ಬಿತ್ತು ಎಂಬ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳು ತಮಗೇ ಹಾಕಿಕೊಳ್ಳಬೇಕು.

ಹೊಣೆಯ ಮಾತು ಇವತ್ತು ನಿಯಮಗಳಲ್ಲಿ ಸೇರಿಹೋಗಿದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದರ್ಜೆ ಕೊಡುವ ನ್ಯಾಕ್ 1994ರಲ್ಲಿ ಹುಟ್ಟಿತು. ಅದರ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಅದರ ಏಳು ಮಾನದಂಡಗಳಲ್ಲಿ ಏಳನೆಯದು ಸಾಂಸ್ಥಿಕ ಮೌಲ್ಯಗಳನ್ನು ಕುರಿತದ್ದು. ಸೋಲಾರ್ ಇದೆಯೇ, ಮಳೆನೀರು ಕೊಯ್ಲು ಇದೆಯೇ, ಕಸ ಬೇರ್ಪಡಿಸುತ್ತೀರಾ, ಅಂಗವಿಕಲರಿಗೆ ಇಳಿಜಾರು ದಾರಿ ಇದೆಯೇ ಎಂದು ಅದು ಕೇಳುತ್ತದೆ. ಕೇಳಬೇಕಾದದ್ದೇ. ಗಾಂಧೀಜಿಯ ಶತಮಾನೋತ್ಸವದ ವರ್ಷ 1969ರಲ್ಲಿ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾದ ಎನ್.ಎಸ್.ಎಸ್. ಇದೆ, 2014ರ ಉನ್ನತ ಭಾರತ ಅಭಿಯಾನವಿದೆ. ಆದರೆ ಕಾಲೇಜುಗಳಲ್ಲಿ ಇವುಗಳ ಗತಿ ಏನಾಗಿದೆ ಎಂದು ವಿದ್ಯಾರ್ಥಿಗಳಿಗೆ ನಾನು ಹೇಳಬೇಕಿಲ್ಲ. ಕೆರೆ ಏರಿಯ ಮೇಲೆ ಬ್ಯಾನರ್ ಹಿಡಿದು ಒಂದು ಫೋಟೊ, ಗಿಡ ನೆಟ್ಟು ಒಂದು ಫೋಟೊ, ಫೈಲಿಗೆ ಎರಡು ಪುಟ. ಕಾಂಪೌಂಡಿನೊಳಗಿನ ಹಸಿರಿಗೆ ಅಂಕ ಸಿಗುತ್ತದೆ. ಕಾಂಪೌಂಡಿನಾಚೆ ಹರಿದ ಕೊಳಚೆಗೆ ಅಂಕ ಕಳೆಯುವವರಿಲ್ಲ.

ಹಾಗಾದರೆ ಆಗಬೇಕಾದ್ದೇನು? ಸಾಲೋಟಗಿಯ ಕಂಬ ಮತ್ತು ಪುರದ ಸ್ಥಾವರ ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಹೊಳೆಯುತ್ತದೆ. ಮೊದಲನೆಯದು ಲೆಕ್ಕವನ್ನು ಬಹಿರಂಗವಾಗಿ ಬರೆದು ನಿಲ್ಲಿಸುವುದನ್ನು ಕಲಿಸುತ್ತದೆ. ಎರಡನೆಯದು ಆ ಲೆಕ್ಕದಲ್ಲಿ ಕೊಡುವ ಕಾಲಂ ಸೇರಿಸುವುದನ್ನು ಕಲಿಸುತ್ತದೆ. ಈ ಭಾಗದ ಪ್ರತಿ ಕ್ಯಾಂಪಸ್ಸಿನ ಗೇಟಿನಲ್ಲಿ ಕನ್ನಡದಲ್ಲಿ ಒಂದು ಫಲಕ ಇರಲಿ. ಈ ನೆಲ ಹಿಂದೆ ಯಾವ ಊರಿನದು, ಇಲ್ಲಿ ಏನು ಬೆಳೆಯುತ್ತಿತ್ತು, ಇಲ್ಲಿನ ಮಳೆನೀರು ಯಾವ ಕೆರೆಗೆ ಹರಿಯುತ್ತಿತ್ತು, ಈಗ ನಾವು ದಿನಕ್ಕೆ ಎಷ್ಟು ನೀರು ತರಿಸುತ್ತೇವೆ, ಎಷ್ಟು ಹೊರಬಿಡುತ್ತೇವೆ, ಈ ಊರಿನ ಎಷ್ಟು ಮಕ್ಕಳು ಇಲ್ಲಿ ಓದುತ್ತಿದ್ದಾರೆ ಎಂಬುದು ಅದರಲ್ಲಿರಲಿ. ಒಂದೊಂದು ಕಾಲೇಜು ಒಂದೊಂದು ಕೆರೆಯ ದಾಖಲೆ ಇಡಲಿ. ರಸಾಯನಶಾಸ್ತ್ರದವರು ನೀರು ಪರೀಕ್ಷಿಸಲಿ, ಕಂಪ್ಯೂಟರಿನವರು ನಕ್ಷೆ ಮಾಡಲಿ, ಇತಿಹಾಸದವರು ಊರಿನ ಹಿರಿಯರ ನೆನಪು ಬರೆದುಕೊಳ್ಳಲಿ, ಕನ್ನಡದವರು ಅದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಲಿ. ವರ್ಷಕ್ಕೊಮ್ಮೆ ಕೆರೆಯ ಏರಿಯ ಮೇಲೆ ಊರಿನವರ ಮುಂದೆ ಅದನ್ನು ಓದಲಿ. ಇದಕ್ಕೆ ಕೋಟಿ ಕೋಟಿ ಬೇಡ. ಅಧ್ಯಾಪಕರ ಬಡ್ತಿಯ ಅಂಕಗಳಲ್ಲಿ ವಿದೇಶಿ ಜರ್ನಲ್ಲಿನ ಲೇಖನಕ್ಕೆ ಇರುವ ಬೆಲೆಯಲ್ಲಿ ಒಂದಿಷ್ಟು ಇದಕ್ಕೂ ಸಿಕ್ಕರೆ ಸಾಕು.

ಹೀಗೆ ಓದುವ ದಿನ ಜಗಳವಾಗುತ್ತದೆ. ಕೊಳಚೆ ಬಿಡುತ್ತಿರುವ ಅಪಾರ್ಟ್‌ಮೆಂಟಿನ ಹೆಸರು ಹೇಳಬೇಕಾಗುತ್ತದೆ, ರಾಜಕಾಲುವೆಯ ಮೇಲೆ ಕಟ್ಟಿದವರ ಹೆಸರು ಬರುತ್ತದೆ, ಎಂದಾದರೂ ಕಾಲೇಜಿನ ಟ್ರಸ್ಟಿಯ ಹೆಸರೂ ಬರಬಹುದು. ಆಗ ಆ ವರದಿ ಓದುವ ವಿದ್ಯಾರ್ಥಿಯ ಬೆನ್ನಿಗೆ ಸಂಸ್ಥೆ ನಿಲ್ಲುತ್ತದೆಯೇ? 1988ರಲ್ಲಿ ಬೊಲೋನ್ಯಾದಲ್ಲಿ ಸೇರಿದ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸಹಿ ಹಾಕಿದ ಸನ್ನದು, ವಿದ್ಯೆಯು ರಾಜಕೀಯ ಮತ್ತು ಹಣದ ಅಧಿಕಾರದಿಂದ ಸ್ವತಂತ್ರವಾಗಿರಬೇಕೆಂದು ಸಾರಿತು. ಆ ಸ್ವಾತಂತ್ರ್ಯ ನಿಜವಾಗಿ ಪರೀಕ್ಷೆಗೆ ಬೀಳುವುದು ಇಂಥ ಕಡೆ, ಬೇಗೂರಿನಂಥ ಊರಿನ ಕೆರೆಯ ದಂಡೆಯಲ್ಲಿ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಸಂಸ್ಥೆ ಇದನ್ನೆಲ್ಲ ಮಾಡಲಿ ಎಂದು ಕಾಯಬೇಡಿ. ಬರುವ ಭಾನುವಾರ ನಾಲ್ಕು ಗೆಳೆಯರು ಸೇರಿ ನಿಮ್ಮ ಹಾಸ್ಟೆಲಿನ ಚರಂಡಿಯನ್ನು ಹಿಂಬಾಲಿಸಿ ನಡೆಯಿರಿ. ಅದು ಎಲ್ಲಿ ಹೋಗಿ ಸೇರುತ್ತದೆ ಎಂದು ಕಣ್ಣಾರೆ ನೋಡಿ ಬರೆದಿಡಿ, ಅಲ್ಲಿ ಸಿಕ್ಕ ಊರಿನವರಿಗೆ ನೀವು ಕಂಡದ್ದನ್ನು ಕನ್ನಡದಲ್ಲಿ ಹೇಳಿ. ಪುರದಲ್ಲಿಯೂ ಕೆಲಸ ಶುರುವಾದದ್ದು ಹೀಗೆ ಮನೆಮನೆಗೆ ನಡೆದುಕೊಂಡು ಹೋದದ್ದರಿಂದಲೇ.